ಮೀಸೆ ತೆಗೆದು ನೀರಿಗಿಳಿದದ್ದು

ಹೆದರುಪುಕ್ಕಲನಿಗೆ ಸಂಪ್ರದಾಯದಷ್ಟು ಒಳ್ಳೆಯ ನೆಂಟ ಇನ್ನೊಬ್ಬನಿಲ್ಲ. ಮೊಣಕಾಲಿಗಿಂತ ಆಳದ ನೀರು ಕಾಣದ ನಾನು ಐವತ್ತೊಂದನೆಯ ವಯಸ್ಸಿನಲ್ಲಿ ಸ್ಕೂಬಾ ಡೈವಿಂಗ್ ಕಲಿಯಲು ಒಪ್ಪಿದ್ದು ಮಗಳು ಅನಘಾಳಿಗಾಗಿ. ಆಗಸ್ಟಿನಲ್ಲಿ ಅವಳು ಕಾಲೇಜಿಗೆ ಹೊರಡುವವಳು. ಅದಕ್ಕೆ ಮುಂಚೆ ಮೆಡಿಟರೇನಿಯನ್ ಸಮುದ್ರದ ಯಾವುದೋ ಬಂಡೆಗಲ್ಲಿನ ಪುಟ್ಟ ದ್ವೀಪದಲ್ಲಿ ನಾವಿಬ್ಬರೂ ಜೊತೆಯಾಗಿ ಮುಳುಗಬೇಕಂತೆ. "ಯೂ ಆರ್ ಮೈ ಡೈವ್ ಬಡ್ಡಿ, ಅಪ್ಪ," ಎಂದಳು. ಬಡ್ಡಿ ಎಂದರೆ ನೀರಿನಡಿಯ ಜೊತೆಗಾರ. ಹದಿನೇಳರ ಹುಡುಗಿ ಅಪ್ಪನನ್ನು ಜೊತೆಗೆ ಕರೆಯುವುದೇ ಅಪರೂಪ. ಹಿಂದುಮುಂದು ನೋಡದೆ ಹೂಂ ಅಂದುಬಿಟ್ಟೆ.

ಪರದೇಶದಲ್ಲಿ ನಾವು ನೆಲೆಸಿರುವ ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿ, ನಮ್ಮ ಮನೆಯ ಹತ್ತಿರದ ಈಜುಕೊಳದಲ್ಲೇ ತರಬೇತಿ. ಆದರೆ ನನ್ನ ದಪ್ಪ ಮೀಸೆಯ ಸಂದಿನಿಂದ ಮಾಸ್ಕಿನೊಳಗೆ ನೀರು ನುಗ್ಗುತ್ತಿತ್ತು. ವ್ಯಾಸಲೀನ್ ಮೆತ್ತಿದ್ದಾಯಿತು, ಮೀಸೆ ಹೊಳೆಯಿತೇ ಹೊರತು ನೀರು ನಿಲ್ಲಲಿಲ್ಲ. "ಜಸ್ಟ್ ಶೇವ್ ಇಟ್," ಎಂದ ಕಲಿಸುವಾತ. ಅವನಿಗೇನು ಗೊತ್ತು! ತಂದೆ ಬದುಕಿರುವಾಗ ಮಗ ಮೀಸೆ ತೆಗೆಯಬಾರದು ಎಂದು ಕೇಳಿಕೊಂಡೇ ಬೆಳೆದವನು ನಾನು. ನಮ್ಮ ತಂದೆಯೋ, ಎಂಬತ್ನಾಲ್ಕರಲ್ಲೂ ನಮ್ಮ ಸೋಫಾದ ಮೇಲೆ ಗಟ್ಟಿಮುಟ್ಟಾಗಿ ಕೂತು ಪೇಪರ್ ಓದುತ್ತಿದ್ದಾರೆ. ರಾತ್ರಿ ಊಟಕ್ಕೆ ಕೂತಾಗ, "ಬೇರೆ ಬಡ್ಡಿ ಹುಡುಕ್ಕೋ ಪುಟ್ಟಿ," ಎಂದೆ. ಒಳಗೊಳಗೇ ಹಾಯೆನಿಸಿದ್ದೂ ನಿಜ. "ಇಟ್ಸ್ ಫೈನ್," ಎಂದವಳು ಅರ್ಧ ಊಟಕ್ಕೇ ಎದ್ದುಹೋದಳು.

ಅಪ್ಪ ಸೋಫಾದಿಂದ ಎದ್ದು ಬಂದರು. "ಏನೋ, ನನ್ನ ಆಯಸ್ಸು ನಿನ್ನ ಮೀಸೇಲಿ ನೇತಾಡ್ತಿದ್ಯಾ? ಹಾಗಾದ್ರೆ ಬಿ.ಪಿ. ಮಾತ್ರೆ ಯಾಕೋ ನುಂಗಿಸ್ತೀಯ? ತಗೊಂಬಾ ರೇಜರ್!" ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ತಾವೇ ಬೋಳಿಸಿದರು. ಆಮೇಲೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ರೇಜರನ್ನು ತೊಳೆಯದೆಯೇ ಇಟ್ಟು ಮಲಗಲು ಹೋದರು. ಅಪಶಕುನದ ಭಯ ಅವರಿಗೂ ಹತ್ತಿತೇನೋ ಅಂದುಕೊಂಡೆ.

ಆ ದ್ವೀಪದಲ್ಲಿ ಬಂಡೆ ಬಿಟ್ಟರೆ ಬಂಡೆ. ಅಲ್ಲಿ ಕೆಲವರು ಟ್ಯಾಂಕೂ ಇಲ್ಲದೆ ಒಂದೇ ಉಸಿರಿನಲ್ಲಿ ತಳಕ್ಕೆ ಹೋಗಿಬರುತ್ತಿದ್ದರು. ನಾನು ಬೆನ್ನಿಗೆ ಗಾಳಿ ಕಟ್ಟಿಕೊಂಡೂ ಮುಕ್ಕೋಟಿ ದೇವರನ್ನು ನೆನೆದು ಇಳಿದೆ. ಮಾಸ್ಕಿನೊಳಗೆ ಒಂದು ಹನಿ ನೀರಿಲ್ಲ! ಬಂಡೆಯ ಬಿರುಕಿನಿಂದ ದಪ್ಪ ತುಟಿಯ ಮೀನೊಂದು ಇಣುಕಿ ನೋಡಿದಾಗ ಅನಘಾ ನನ್ನ ಕೈ ಹಿಡಿದುಕೊಂಡಳು. ರಸ್ತೆ ದಾಟಲು ಕಲಿತ ಮೇಲೆ ಹಿಡಿದಿರಲಿಲ್ಲ. ಮೇಲೆ ಬರುವವರೆಗೂ ಬಿಡಲಿಲ್ಲ. ಮೀಸೆ ಬೋಳಿಸಿದ ಅಪ್ಪನ ಕೈಗೆ ಅಲ್ಲಿಂದಲೇ ಒಂದು ನಮಸ್ಕಾರ ಹಾಕಿದೆ.

ಮನೆಗೆ ಬಂದು ಮತ್ತೆ ಮೀಸೆ ಬಿಡತೊಡಗಿದೆ. ನಾಲ್ಕನೆಯ ದಿನ ಅಪ್ಪ ಮೆಲ್ಲಗೆ, "ತೆಗೆದ್ಬಿಡೋ. ಅದಿಲ್ದಿದ್ರೆ ನೀನು ಥೇಟ್ ನಿಮ್ಮಮ್ಮ. ಆರು ವರ್ಷ ಆಗಿತ್ತು ಆ ಮುಖ ನೋಡಿ," ಎಂದರು. ಅಮ್ಮ ತೀರಿಕೊಂಡು ಅಷ್ಟೇ ವರ್ಷವಾಗಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಸಂತೋಷವಾಗಿಯೇ ಬೋಳಿಸಿಕೊಳ್ಳುತ್ತೇನೆ. ತೊಂದರೆ ಒಂದೇ: ಈಗ ನಾನೇನು ಹೇಳಿದರೂ ಅಪ್ಪ "ಆಯ್ತು, ಆಯ್ತು" ಎನ್ನುತ್ತಾರೆ, ಅಮ್ಮನಿಗೆ ಹೇಳುತ್ತಿದ್ದ ಹಾಗೆಯೇ, ಪೇಪರಿನಿಂದ ತಲೆ ಎತ್ತದೆ.