ಪಾಪಣ್ಣನಿಗೆ ಪ್ಲಾಸ್ಟಿಕ್ ಇಲ್ಲದ ಆಟಿಕೆ

ಮನೇಲಿ ಒಂದು ನಾಯಿ, ಊರಿಂದ ಬಂದ ಅತ್ತೆ, ಪರಿಸರ ಉಳಿಸಲು ಹೊರಟ ಮಗಳು, ಮೂವರೂ ಒಟ್ಟಿಗಿದ್ದರೆ ನಗೋದಕ್ಕೆ ಟೀವಿ ಹಾಕಬೇಕಾಗಿಲ್ಲ. ಐರ್ಲೆಂಡಿನ ಕಾರ್ಕ್ ಊರಿನ ನಮ್ಮ ಮನೇಲಿ ದಿನಕ್ಕೊಂದು ಇಂಥದ್ದು ಆಗ್ತಾನೇ ಇರುತ್ತೆ.

ನಾಯಿ ಗ್ರೇಹೌಂಡ್ ಜಾತಿ. ರೇಸಿನಲ್ಲಿ ಓಡಿ ಓಡಿ ನಿವೃತ್ತನಾದವನು. ನಾಯಿಗಳ ಶೆಲ್ಟರಿನಿಂದ ಕರ್ಕೊಂಡು ಬಂದ್ವಿ. ಅಷ್ಟರಲ್ಲಾಗಲೇ ಎರಡು ಮನೆಯವರು ಅವನನ್ನ ವಾಪಸ್ ಕಳಿಸಿದ್ದರು. "ಸ್ವಲ್ಪ ದಿನ ಇಟ್ಕೊಳ್ಳಿ. ನಾನು ಬಂದು ನೋಡ್ತೀನಿ. ನಿಮ್ಮಲ್ಲೂ ಮಂಕಾಗೇ ಇದ್ರೆ ಬೇರೆ ಮನೆ ಹುಡುಕೋಣ" ಅಂದಿದ್ದರು ಶೆಲ್ಟರಿನ ಹೆಂಗಸು. ಬಂದವನು ಮೂಲೆ ಹಿಡಿದು ನಿಂತ. ಆಡಲಿಲ್ಲ, ಬಾಲ ಅಲ್ಲಾಡಿಸಲಿಲ್ಲ. "ಪಾಪ, ಪಾಪ" ಅಂತಂತಲೇ ಅತ್ತೆ ಅವನಿಗೆ ಪಾಪಣ್ಣ ಅಂತ ಹೆಸರಿಟ್ಟುಬಿಟ್ಟರು.

ಮಗಳಿಗೆ ಒಂದೇ ಹಟ. ಪಾಪಣ್ಣ ಆಡಬೇಕು, ಇಲ್ಲೇ ಉಳೀಬೇಕು. ಆದರೆ ಪ್ಲಾಸ್ಟಿಕ್ ಆಟಿಕೆ ಮಾತ್ರ ಮನೆಯೊಳಗೆ ಬರಕೂಡದು. ಸ್ಕೂಲಿನಲ್ಲಿ ಪ್ರತಿಜ್ಞೆ ಮಾಡಿ ಬಂದಿದ್ದಾಳಂತೆ. ನಾನು ಒಂದು ರಬ್ಬರ್ ಮೂಳೆ ತಂದಿದ್ದಕ್ಕೆ ಕಳ್ಳಸಾಗಣೆ ಮಾಡಿದವಳನ್ನ ನೋಡೋ ಹಾಗೆ ನೋಡಿದಳು.

ನಾರಿನ ಚೆಂಡು

ಅವಳೇ ಹುಡುಕಿ ಒಂದು ಆಟಿಕೆ ತರಿಸಿದಳು. ಅಪ್ಪಟ ನೈಸರ್ಗಿಕ, ಮಣ್ಣಲ್ಲಿ ಹಾಕಿದರೆ ಕರಗುತ್ತೆ ಅಂತ ವರ್ಣನೆ. ಬಿಚ್ಚಿ ನೋಡಿದರೆ ಒಳಗೆ ತೆಂಗಿನ ನಾರಿನ ಉಂಡೆ! ಪಾಪಣ್ಣ ಮೂಸಿದ, ಮುಖ ತಿರುಗಿಸಿದ. ಸಂಜೆ ಹೊತ್ತಿಗೆ ಉಂಡೆ ಮಾಯ. ಆಡೋಕೆ ಶುರು ಮಾಡಿರಬೇಕು ಅಂತ ಮಗಳು ಮನೆಯೆಲ್ಲಾ ಕುಣಿದಳು.

ಅಡುಗೆಮನೇಲಿ ಅತ್ತೆ ಸಾರಿನ ಪಾತ್ರೆ ತಿಕ್ಕುತ್ತಾ ನಿಂತಿದ್ದರು. "ಈ ದೇಶಕ್ಕೆ ಬಂದಾಗಿನಿಂದ ಇದೊಂದೇ ಕಣೇ ನೀನು ತಂದ ಉಪಯೋಗದ ವಸ್ತು. ಇನ್ನೊಂದು ನಾಲ್ಕು ತರಿಸಿಡು."

ಮಡಿ ಸೀರೆ

ಸರಿ, ಕೊಂಡು ತರೋದೇ ಬೇಡ, ಮನೇಲಿರೋ ಹಳೇ ಬಟ್ಟೇಲಿ ಮಾಡೋಣ ಅಂದಳು ಮಗಳು. ಬಣ್ಣ ಹೋಗಿರಬೇಕು, ಪೂರ್ತಿ ಹತ್ತಿ ಆಗಿರಬೇಕು, ಮೆತ್ತಗಿರಬೇಕು. ಅಂಥದ್ದು ಒಂದೇ ಒಂದು ಸಿಕ್ಕಿತು. ಮೇಲಿನ ರೂಮಿನಲ್ಲಿ, ಯಾರೂ ಮುಟ್ಟಬಾರದು ಅಂತ ಅತ್ತೆ ರೇಡಿಯೇಟರ್ ಮೇಲೆ ಹರವಿದ್ದ ಮಡಿ ಸೀರೆ. ಪೂಜೆಗೆ ಉಡೋದು.

ಅತ್ತೆ ಸ್ನಾನ ಮುಗಿಸಿ ಬರೋ ಹೊತ್ತಿಗೆ ಸೀರೆ ಜಡೆಯಾಗಿತ್ತು. ತುದೀಲಿ ಗಂಟು ಬೇರೆ. ಪಾಪಣ್ಣ ಅದರಲ್ಲಿ ಆಡಲಿಲ್ಲ. ಅದನ್ನ ತಲೆಯಡಿ ಇಟ್ಟುಕೊಂಡು ಮಲಗಿದ, ಬಂದಾಗಿನಿಂದ ಮೊದಲ ಸಲ ಕಾಲು ಚಾಚಿ. ಅತ್ತೆ ಬಂದು ಅವನನ್ನ ಬಗ್ಗಿ ನೋಡಿದರು.

"ಎಬ್ಬಿಸ್ಬೇಡಿ ಬಿಡಿ. ಇವತ್ತು ಮಡೀಲಿರೋನು ಅವನೇ. ಎದ್ದ ಮೇಲೆ ಪೂಜೆನೂ ಅವನೇ ಮಾಡ್ಲಿ."

ಪಕ್ಕದ ಮನೆ ತಾತ

ಪಕ್ಕದ ಮನೆಯ ಐರಿಷ್ ತಾತ ಒಂದು ಕಾಲದಲ್ಲಿ ಇದೇ ಜಾತಿ ನಾಯಿ ಸಾಕಿದವರು. ಬೇಲಿ ಮೇಲಿಂದ ಪಾಪಣ್ಣನನ್ನ ನೋಡಿ ಹೇಳಿದರು: "ಇವಕ್ಕೆ ಮರಿಯಾಗಿದ್ದಾಗ ಯಾರೂ ಆಟಿಕೆ ಕೊಟ್ಟಿರಲ್ಲಮ್ಮ. ಗೇಟು ತೆಗೀತಿದ್ದ ಹಾಗೆ ಓಡ್ಬೇಕು, ಮುಗಿದ ಮೇಲೆ ಗೂಡು ಸೇರ್ಬೇಕು. ಕೆಲಸ ಗೊತ್ತು, ಆಟ ಗೊತ್ತಿಲ್ಲ."

ಓಡೋದು ಬಿಟ್ಟ ಮೇಲೆ ಏನು ಮಾಡಬೇಕು ಅಂತ ಆ ಜೀವಕ್ಕೆ ಯಾರೂ ಹೇಳೇ ಇಲ್ಲವಲ್ಲ! ಶನಿವಾರವೂ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನಮ್ಮೆಜಮಾನರ ಕಡೆ ಮಗಳು ಹೊರಗಿನಿಂದಲೇ ಕಿಟಕಿಯಲ್ಲಿ ಇಣುಕಿ ನೋಡಿ, ತಾತನಿಗೆ ತನ್ನ ಕಾರ್ಕ್ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದಳು. ನಮ್ಮನೇಲಿ ಇನ್ನೊಬ್ಬರೂ ಹಾಗೇ ಇದ್ದಾರೆ, ಅವರನ್ನ ನಾವೇನೂ ವಾಪಸ್ ಕಳಿಸಿಲ್ಲ ಅಂತ.

ದೃಷ್ಟಿ ತೆಗೆದದ್ದು

ಶೆಲ್ಟರಿನವರು ಬರೋ ದಿನ ಬಂದೇ ಬಂತು. ಬೆಳಿಗ್ಗೆಯಿಂದ ಮಗಳು ಏನೂ ತಿಂದಿರಲಿಲ್ಲ. ಪಾಪಣ್ಣನ ಕುತ್ತಿಗೆ ತಬ್ಬಿಕೊಂಡು ಕೂತಿದ್ದಳು. ಪಾಪಣ್ಣ ಎಂದಿನಂತೆ ಮಂಕು.

"ಎರಡು ಮನೆ ಕಣ್ಣು ಬಿದ್ದಿದೆ ಇವನ ಮೇಲೆ. ಆಟಿಕೆ ತಂದ್ರೆ ಹೋಗುತ್ತೇನೇ?" ಅಂದರು ಅತ್ತೆ. ಇಂಡಿಯನ್ ಅಂಗಡಿಯಿಂದ ತಂದಿದ್ದ ಜುಟ್ಟಿನ ತೆಂಗಿನಕಾಯಿ ಹಿಡಿದು ಅವನನ್ನ ಹಿತ್ತಲಿಗೆ ಕರೆದೊಯ್ದರು. ಮೂರು ಸುತ್ತು ನಿವಾಳಿಸಿದರು. ಊರಲ್ಲಾದರೆ ಬೀದೀಲಿ ಒಡೀಬಹುದಿತ್ತು. ಇಲ್ಲಿ ಅಕ್ಕಪಕ್ಕದವರು ಹೆದರಿಯಾರು ಅಂತ ಹಿತ್ತಲ ಕೊನೆಗೆ ಉರುಳಿಸಿ, ಶಾಸ್ತ್ರದ ಪ್ರಕಾರ ಹಿಂತಿರುಗಿ ನೋಡದೆ ಹೊರಟರು.

ಉರುಳೋದು ಕಂಡಿದ್ದೇ ತಡ, ಪಾಪಣ್ಣ ಬಾಣದ ಹಾಗೆ ಹಾರಿದ! ಜುಟ್ಟು ಕಚ್ಚಿ ಎತ್ತಿಕೊಂಡು ಬಂದು ಅತ್ತೆಯ ಕಾಲ ಬುಡದಲ್ಲಿಟ್ಟ. ಬಾಲ ಗರಗರ ಅಲ್ಲಾಡ್ತಿತ್ತು.

"ಅಯ್ಯೋ ಶಿವನೇ! ತೆಗೆದ ದೃಷ್ಟೀನ ವಾಪಸ್ ತಂದ್ನಲ್ಲೇ!" ಅತ್ತೆ ಮತ್ತೆ ನಿವಾಳಿಸಿ ಇನ್ನೂ ದೂರ ಎಸೆದರು. ಮತ್ತೆ ತಂದ. ಅತ್ತೆ ಬೆವರಿಳಿಸಿಕೊಂಡು ನಿವಾಳಿಸೋದು, ಇವನು ತರೋದು.

ನಮ್ಮ ಹಿತ್ತಲ ಗೇಟಿನ ಹತ್ತಿರ ಶೆಲ್ಟರಿನ ಹೆಂಗಸು ಬಂದು ನಿಂತಿದ್ದು ನಮಗೆ ಗೊತ್ತೇ ಆಗಲಿಲ್ಲ. "ಇವನು ಆಡ್ತಿದ್ದಾನೆ!" ಅಂತ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ತೆಂಗಿನಕಾಯಿ ಕಡೆ ತೋರಿಸಿ, "ಪ್ಲಾಸ್ಟಿಕ್ ಇಲ್ಲ, ಕಚ್ಚಿ ಹಿಡಿಯೋಕೆ ನಾರಿನ ಹಿಡಿ ಬೇರೆ! ಎಷ್ಟು ಚೆನ್ನಾಗಿದೆ. ಯಾವ ಕಂಪನಿದು?" ಅಂದರು. ನಾರು ನುಂಗದ ಹಾಗೆ ನೋಡ್ಕೊಳ್ಳಿ ಅಂತ ಬುದ್ಧಿಮಾತು ಬೇರೆ ಹೇಳಿ, "ಹಿ ಈಸ್ ಗ್ರ್ಯಾಂಡ್ ಹಿಯರ್. ಇಲ್ಲೇ ಆರಾಮಾಗಿದ್ದಾನೆ, ಇವನು ಇನ್ನೆಲ್ಲಿಗೂ ಹೋಗೋದು ಬೇಡ" ಅಂದರು. ಮಗಳು ಓಡಿಬಂದು ಅಜ್ಜಿಯ ಸೊಂಟ ತಬ್ಬಿ ಗೊಳೋ ಅಂತ ಅತ್ತಳು.

"ಅತ್ತೆ, ದೃಷ್ಟಿ ಇನ್ನೂ ಹೋಗ್ಲೇ ಇಲ್ವಲ್ಲ?" ಅಂದೆ ನಾನು, ಸುಮ್ಮನಿರಲಾರದೆ.

ಪಾಪಣ್ಣ ಮತ್ತೆ ತಂದಿಟ್ಟ ಕಾಯನ್ನ ಅತ್ತೆ ಕೈಗೆ ತಗೊಂಡರು. "ಬಿಡೇ, ದೃಷ್ಟಿ ಹೋಗದಿದ್ರೆ ಕತ್ತೆ ಬಾಲ. ಇವನು ಉಳಿದ್ನಲ್ಲ!" ಅಂದವರು ಕಾಯನ್ನ ಬೀಸಿ ಎಸೆದು, ಶಾಸ್ತ್ರ ಮರೆತು, ಅವನು ಓಡೋದನ್ನೇ ನೋಡ್ತಾ ನಿಂತರು.