ಬಟಾಣಿಯನ್ನು ಮೋಟಾರ್‌ಸೈಕಲ್ ಎಂದು ಎಣಿಸುವ ಬಗ್ಗೆ

ಇಂದ,
ಶ್ರೀಮತಿ ಹೆಸ್ಟರ್ ಬೂತ್‌ರಾಯ್ಡ್,
ವಯಸ್ಸು ಎಪ್ಪತ್ತೊಂಬತ್ತು, ಸದಸ್ಯತ್ವ ಸಂಖ್ಯೆ 12,
ಚಾಪೆಲ್ ಬೀದಿ, ಸ್ಕಾರ್‌ಬೆಕ್, ಯಾರ್ಕ್‌ಷೈರ್.

ಗೆ,
ಅಧ್ಯಕ್ಷರು ಮತ್ತು ಸಮಿತಿಯ ಸದಸ್ಯರು,
ಸ್ಕಾರ್‌ಬೆಕ್ ಮೋಟಾರ್‌ಸೈಕಲ್ ಮತ್ತು ಹಳೆಯ ಸಣ್ಣ ಕಾರುಗಳ ಕೂಟ.
(ಕಾರ್ಯದರ್ಶಿ ಶ್ರೀ ಗಾರ್ಡನ್ ಹೆಪ್‌ವರ್ತ್ ಅವರ ಮೂಲಕ)

ದಿನಾಂಕ: 1 ಜೂನ್ 2019

ವಿಷಯ: ಇದೇ ಜೂನ್ 23ರ ಭಾನುವಾರದ ಸವಾರಿಯಲ್ಲಿ ನಮ್ಮ ಬಟಾಣಿಯನ್ನು ಕಾರುಗಳ ವಿಭಾಗದಿಂದ ಮೋಟಾರ್‌ಸೈಕಲ್ ವಿಭಾಗಕ್ಕೆ ವರ್ಗಾಯಿಸಿಕೊಡುವ ಬಗ್ಗೆ.

ಉಲ್ಲೇಖ: 1) ಕೂಟದ ನಿಯಮಾವಳಿ, ನಿಯಮ 4 ಮತ್ತು 9.
2) ಏಪ್ರಿಲ್ 14ರಂದು ಕಾರ್ಯದರ್ಶಿಯವರು ನೀಡಿದ ಮೌಖಿಕ ಆದೇಶ (ಆಗ ಅವರ ಬಾಯಲ್ಲಿ ಸಾಸೇಜ್ ರೊಟ್ಟಿ ಇತ್ತು).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಮಿತಿಯಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಬಟಾಣಿ ಎಂಬುದು ನಮ್ಮ ಮೂರು ಚಕ್ರದ ಗಾಡಿಯ ಹೆಸರು. ತಾವೆಲ್ಲರೂ ಅದನ್ನು ಬಲ್ಲಿರಿ. ಆದರೂ ಅರ್ಜಿ ಎಂದ ಮೇಲೆ ಗೊತ್ತಿರುವುದನ್ನೂ ಬರೆಯಬೇಕು ಎಂದು ಗಾರ್ಡನ್ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಬಣ್ಣ ಹಸಿರು, ಆಕಾರ ಮೊಟ್ಟೆಯದು. ಮುಂದೆ ಎರಡು ಚಕ್ರ, ಹಿಂದೆ ಒಂದು. ಬಾಗಿಲು ಒಂದೇ, ಅದೂ ಮೂತಿಯಲ್ಲಿ. ಫ್ರಿಜ್ ತೆರೆದಂತೆ ತೆರೆದು ಒಳಗೆ ಕೂರಬೇಕು. ಎಂಜಿನ್ ಮೋಟಾರ್‌ಸೈಕಲ್ಲಿನದು. ರಿವರ್ಸ್ ಗೇರ್ ಇಲ್ಲ. ಮೇಲೆ ಬಟ್ಟೆಯ ಚಾವಣಿ. ತಯಾರಾದ ವರ್ಷ 1960.

1. ನನ್ನ ಪತಿ ಸಿರಿಲ್ ಅವರಿಗೆ ಎಂಬತ್ತೆರಡು ವರ್ಷ. ಕೂಟ ಹುಟ್ಟಿದ ದಿನದಿಂದಲೂ ಮೋಟಾರ್‌ಸೈಕಲ್ ವಿಭಾಗದವರು. ಕಳೆದ ಅಕ್ಟೋಬರಿನಲ್ಲಿ ಅವರ ಸೊಂಟದ ಕೀಲು ಬದಲಾಯಿಸಿದರು. ಕಾಲೆತ್ತಿ ಆ ಕಡೆ ಹಾಕುವ ಯಾವ ಕೆಲಸವನ್ನೂ ಇನ್ನು ಮಾಡಕೂಡದು ಎಂದು ವೈದ್ಯರು ಹೇಳಿದರು. ಬೇಲಿ ದಾಟೋದಾ, ಎಂದು ಸಿರಿಲ್ ಕೇಳಿದರು. ವೈದ್ಯರು ಒಳ್ಳೆಯವರು, ಹೌದು, ಬೇಲಿಯೂ ಕೂಡ ಎಂದರು.

ಆದ್ದರಿಂದ ಅವರ ಮೋಟಾರ್‌ಸೈಕಲ್ ನಮ್ಮ ಮೊಮ್ಮಗಳು ಕರ್ಸ್ಟಿಯ ಪಾಲಾಯಿತು. ಅವಳು ಮೇ ತಿಂಗಳಲ್ಲಿ ಪರೀಕ್ಷೆ ಪಾಸು ಮಾಡಿದಳು. ಜೂನ್ 23ರಂದು ಆ ಗಾಡಿ ಮೊದಲ ಬಾರಿಗೆ ಅವಳ ಕೈಯಲ್ಲಿ ಕೂಟದ ಜೊತೆ ಹೊರಡಲಿದೆ. ಬೀಗದ ಕೈ ಕೊಟ್ಟ ದಿನ ಸಿರಿಲ್ ಅವಳಿಗೆ ಹೇಳಿದ್ದು ಇಷ್ಟೇ: "ಅದರ ಸದ್ದು ಹಿಂದಿನಿಂದ ಹೆಂಗೆ ಕೇಳತ್ತೆ ಅಂತ ನಂಗೇ ಗೊತ್ತಿಲ್ಲ ನೋಡು. ಅರವತ್ತು ವರ್ಷ ಅದರ ಮೇಲೇ ಕೂತಿದ್ದೆ."

ಸಮಿತಿಯು ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಈ ಅರ್ಜಿ ನಿಂತಿರುವುದು ಅದರ ಮೇಲೆ.

2. ಏಪ್ರಿಲ್ 14ರ ಸವಾರಿಗೆ ನಾನು ಸಿರಿಲ್ ಅವರನ್ನು ಬಟಾಣಿಯಲ್ಲಿ ಕೂರಿಸಿಕೊಂಡು ಬಂದೆ. ಅವರು ಹೆಲ್ಮೆಟ್ ಹಾಕಿಕೊಂಡಿದ್ದರು. ಕೈಗವಸನ್ನೂ. ಗಾರ್ಡನ್ ಅವರು ಹಲಗೆಯಲ್ಲಿ ಸಿಕ್ಕಿಸಿದ ಪಟ್ಟಿ ನೋಡಿ, ಮೇಲಿನ ಉಲ್ಲೇಖ 2ರಲ್ಲಿ ಕಾಣಿಸಿದಂತೆ, "ಬಟಾಣಿ ಆ ಕಡೆ" ಎಂದು ಕಾರುಗಳ ಸಾಲಿಗೆ ಕೈ ತೋರಿಸಿದರು.

ತಮಗೆ ತಿಳಿದಿರುವಂತೆ ಮೋಟಾರ್‌ಸೈಕಲ್ಲುಗಳು ಒಂಬತ್ತಕ್ಕೆ ಹೊರಟು ಗುಡ್ಡದ ದಾರಿ ಹಿಡಿಯುತ್ತವೆ. ಕಾರುಗಳು ಹತ್ತೂಕಾಲಿಗೆ ಹೊರಟು ಹೊಳೆ ದಾರಿಯಲ್ಲಿ ಹೋಗುತ್ತವೆ. ಹಾರ್‌ಗಿಲ್ ಊರಿನ ಸಭಾಂಗಣದಲ್ಲಿ ಚಹಾಕ್ಕೆ ಎಲ್ಲರೂ ಸೇರುವುದು ಎಂದು ಪಟ್ಟಿಯಲ್ಲಿದೆ. ವಾಸ್ತವದಲ್ಲಿ ನಾವು ಮುಟ್ಟುವ ಹೊತ್ತಿಗೆ ಮೋಟಾರ್‌ಸೈಕಲ್ಲಿನವರು ಚಹಾದ ಕಪ್ ತೊಳೆಯುತ್ತಿದ್ದರು. ಸಿರಿಲ್ ಅವರಿಗೆ ಅವರ ಗೆಳೆಯರು ಸಿಕ್ಕಿದ್ದು ಹನ್ನೊಂದು ನಿಮಿಷ. ಅದರಲ್ಲಿ ನಾಲ್ಕು ನಿಮಿಷ ಬಟಾಣಿಯಿಂದ ಇಳಿಯಲು ಹೋಯಿತು.

ಕಾರುಗಳ ವಿಭಾಗದವರ ಮೇಲೆ ನನ್ನದೇನೂ ದೂರಿಲ್ಲ ಎಂಬುದು ದಾಖಲಾಗಬೇಕು. ಅವರು ಬಿಸಿ ಬಿಸಿ ಚಹಾ ಕೊಟ್ಟರು. ಬೂದು ಬಣ್ಣದ ಮಾರಿಸ್ ಕಾರಿನ ಡಾಫ್ನೆ ತನ್ನ ಸ್ವಂತ ಕಂಬಳಿ ತಂದು ಸಿರಿಲ್ ಅವರ ಮೊಣಕಾಲಿನ ಮೇಲೆ ಹೊದಿಸಿದಳು. ಅದು ಪೂರ್ತಿ ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. ಸಿರಿಲ್ ಅವಳಿಗೆ ವಂದನೆ ಹೇಳಿ, ಆ ಕಂಬಳಿಯನ್ನು ಯಾರೋ ತಮ್ಮ ಮೇಲೆ ಮರೆತು ಹೋದ ಬೆಕ್ಕೇನೋ ಎಂಬಂತೆ ನೋಡುತ್ತ ಕುಳಿತರು.

3. ಇನ್ನು ಹೊಳೆ ದಾರಿಯಲ್ಲಿ ನಡೆದದ್ದು. ಎದುರಿಗೆ ಬರುವ ಮೋಟಾರ್‌ಸೈಕಲ್ಲಿನವರು, ಪರಿಚಯವಿರಲಿ ಇಲ್ಲದಿರಲಿ, ಒಬ್ಬರಿಗೊಬ್ಬರು ತಲೆಯನ್ನು ಕೊಂಚ ಬಲಕ್ಕೆ ವಾಲಿಸಿ ನಮಸ್ಕಾರ ಹೇಳುವುದು ನಮ್ಮ ದೇಶದ ಪದ್ಧತಿ. ಕಾರಿನವರಿಗೆ ಹಾಗೆ ಮಾಡುವ ಪದ್ಧತಿ ಇಲ್ಲ. ಸಿರಿಲ್ ಅರವತ್ತು ವರ್ಷದ ಅಭ್ಯಾಸದಿಂದ, ಬಟಾಣಿಯೊಳಗಿಂದಲೇ, ಎದುರು ಬಂದ ಪ್ರತಿಯೊಬ್ಬರಿಗೂ ತಲೆ ವಾಲಿಸಿದರು. ನಾನು ಎಣಿಸಿದೆ. ಇಪ್ಪತ್ಮೂರು ಮಂದಿ. ಯಾರೊಬ್ಬರೂ ತಿರುಗಿ ವಾಲಿಸಲಿಲ್ಲ.

ಒಬ್ಬ ಯುವಕ ಕೈ ಬೀಸಿ ನಕ್ಕ. ಅದು ಬಟಾಣಿಗೆ. ಜನ ಬಟಾಣಿಯನ್ನು ಕಂಡರೆ ಕೈ ಬೀಸುತ್ತಾರೆ, ತಳ್ಳುಗಾಡಿಯಲ್ಲಿ ಕೂತ ಕೂಸಿಗೆ ಬೀಸಿದಂತೆ. ಅದೇ ಬೇರೆ, ಇದೇ ಬೇರೆ.

ಮನೆಗೆ ಬಂದ ಮೇಲೆ ಸಿರಿಲ್ ಹೆಲ್ಮೆಟ್ಟನ್ನು ಕಪಾಟಿನಲ್ಲಿ, ಇಸ್ತ್ರಿ ಮಾಡುವ ಹಲಗೆಯ ಹಿಂದೆ ಇಟ್ಟರು.

"ಜೂನ್ ಸವಾರಿಗೆ ನೀನೊಬ್ಳೇ ಹೋಗ್ಬಾ. ನಂಗೆ ತೋಟದ ಕೆಲ್ಸ ಇದೆ" ಎಂದರು.

"ನಮ್ಗೆ ತೋಟ ಎಲ್ಲಿದೆ ಮಾರಾಯ? ಮೂರು ಕುಂಡ ಇದಾವೆ."

"ಮೂರರಲ್ಲೂ ಕೆಲ್ಸ ಇದೆ" ಎಂದರು.

ಕರ್ಸ್ಟಿಗೆ ಇದನ್ನು ಇನ್ನೂ ಯಾರೂ ಹೇಳಿಲ್ಲ. ತಾತ ಹಿಂದೆ ಬರುತ್ತಾರೆ ಎಂದೇ ಅವಳು ತಿಳಿದಿದ್ದಾಳೆ.

4. ಈ ಕಾರಣದಿಂದ ನಾನು ಗಾರ್ಡನ್ ಅವರ ಮನೆಗೆ ಹೋಗಿ ಬಟಾಣಿಯನ್ನು ಗುಡ್ಡದ ದಾರಿಗೆ ಬಿಡುವಂತೆ ಕೇಳಿದೆ.

"ಅಯ್ಯೋ ಹೆಸ್ಟರ್, ಇವತ್ತು ನಿಂಗೆ ಬಿಟ್ರೆ ನಾಳೆ ಡಾಫ್ನೆ ಬರ್ತಾಳೆ, ನಾಡಿದ್ದು ಬೆಂಕಿ ಆರಿಸೋ ಗಾಡಿಯೋರೂ ಬರ್ತಾರೆ. ನಿಯಮ ಅಂದ್ರೆ ನಿಯಮ ಕಣವ್ವಾ."

"ಯಾವ ನಿಯಮ?" ಎಂದೆ.

ಅವರು ನಿಯಮಾವಳಿಯ ಪುಸ್ತಕ ತಂದು ಮೇಜಿನ ಮೇಲೆ ಬಿಡಿಸಿ, ಒಂದು ಸಾಲಿನ ಮೇಲೆ ಹೆಬ್ಬೆರಳು ಊರಿದರು. "ಕಾರ್ಯದರ್ಶಿ ಆದೋನು ಯಾರ ಪರವಾಗೂ ಮಾತಾಡೋ ಹಾಗಿಲ್ಲ. ನನ್ನ ಹೆಬ್ಬೆರಳ ಕೆಳಗೆ ಏನಿದೆ ಅಂತ ನಾನು ಹೇಳೋಕಾಗಲ್ಲ. ನಾನೀಗ ಒಲೆ ಮೇಲೆ ನೀರಿಟ್ಟು ಬರ್ತೀನಿ. ಪುಸ್ತಕ ಇಲ್ಲೇ ಇರತ್ತೆ. ಅರ್ಜಿ ಮೂರು ಪ್ರತಿ ಕೊಡು."

ಅವರು ಚಹಾ ಮಾಡಲು ಇಪ್ಪತ್ತು ನಿಮಿಷ ತೆಗೆದುಕೊಂಡರು. ಚಹಾ ಮಾಡಲು ಯಾರಿಗೂ ಅಷ್ಟು ಹೊತ್ತು ಬೇಡ. ಸಿರಿಲ್ ಆಸ್ಪತ್ರೆಯಲ್ಲಿದ್ದಾಗ ಪ್ರತಿ ಮಂಗಳವಾರ ಬಂದು, ಅವರಿಗೆ ನಿದ್ದೆ ಹತ್ತುವವರೆಗೂ ಕೂಟದ ನಡಾವಳಿ ಓದಿ ಹೇಳುತ್ತಿದ್ದವರೂ ಈ ಗಾರ್ಡನ್ನರೇ. ನಿದ್ದೆ ಬೇಗನೆ ಹತ್ತುತ್ತಿತ್ತು. (ಈ ಪರಿಚ್ಛೇದವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬಾರದಾಗಿ ಕೋರಿಕೆ. ಅವರಿಗೆ ಮುಜುಗರವಾಗುತ್ತದೆ.)

5. ಹೆಬ್ಬೆರಳ ಕೆಳಗಿದ್ದದ್ದು ನಿಯಮ 4: "ಮೋಟಾರ್‌ಸೈಕಲ್ ಪರವಾನಗಿಯ ಮೇಲೆ ಓಡಿಸಲು ಕಾನೂನು ಅವಕಾಶ ಕೊಟ್ಟಿರುವ ವಾಹನವನ್ನು ಮೋಟಾರ್‌ಸೈಕಲ್ ಎಂದೇ ಎಣಿಸತಕ್ಕದ್ದು."

ನಾನು 1959ರಲ್ಲಿ ಮೋಟಾರ್‌ಸೈಕಲ್ ಪರೀಕ್ಷೆ ಪಾಸು ಮಾಡಿದೆ. ಸದರಿ ಪರವಾನಗಿಯ ಮೇಲೆಯೇ, ರಿವರ್ಸ್ ಇಲ್ಲದ ಮೂರು ಚಕ್ರದ ಗಾಡಿ ಎಂಬ ಕಾರಣಕ್ಕೆ, ಇಂದಿನವರೆಗೆ ಬಟಾಣಿಯನ್ನು ಓಡಿಸುತ್ತಿದ್ದೇನೆ. ಕಾರಿನ ಪರೀಕ್ಷೆಗೆ ನಾನು ಈ ಜನ್ಮದಲ್ಲಿ ಕೂತಿಲ್ಲ. ಆದ್ದರಿಂದ ಏಪ್ರಿಲ್ 14ರಂದು ತಾವು ನನ್ನನ್ನು ಕಾರುಗಳ ಸಾಲಿಗೆ ಕಳಿಸಿದಾಗ, ಕಾರು ಓಡಿಸಲು ಬಾರದ ಹೆಂಗಸೊಬ್ಬಳನ್ನು ಕಾರುಗಳ ನಡುವೆ ಬಿಟ್ಟಂತಾಯಿತು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ, ಮಾಹಿತಿಗಾಗಿ ಹೇಳುತ್ತಿದ್ದೇನೆ.

6. ಸಮಿತಿಯು ಎತ್ತಬಹುದಾದ ಆಕ್ಷೇಪಣೆಗಳಿಗೆ ಸಮಜಾಯಿಷಿ:

ಅ) ನಿಯಮ 9ರ ಪ್ರಕಾರ ಮೋಟಾರ್‌ಸೈಕಲ್ ವಿಭಾಗದ ಸದಸ್ಯರೆಲ್ಲರೂ ಮಳೆಯಲ್ಲಿ ಸಮನಾಗಿ ನೆನೆಯತಕ್ಕದ್ದು. ಬಟಾಣಿಗೆ ಚಾವಣಿ ಇದೆಯಲ್ಲ ಎಂದು ತಾವು ಕೇಳಬಹುದು. ಇದೆ. ಹಾಗೆಯೇ ಅದರಲ್ಲಿ ತೂತುಗಳೂ ಇವೆ. ಮೇ 12ರ ಭಾನುವಾರ ಮಳೆಯಲ್ಲಿ ಸಿರಿಲ್ ಅವರನ್ನು ಬ್ರೆಡ್ ತರುವ ನೆಪದಲ್ಲಿ ಮೂರು ಮೈಲಿ ಸುತ್ತಾಡಿಸಿ ಬಂದು ಪರೀಕ್ಷಿಸಿದಾಗ, ಅವರ ಎಡಗಾಲಿನ ಬೂಟಿನಲ್ಲಿ ಒಂದು ಚಹಾ ಕಪ್ಪಿನಷ್ಟು ನೀರು ದೊರಕಿತು. ಬ್ರೆಡ್ ಕೂಡ ಉಪಯೋಗಕ್ಕೆ ಬರಲಿಲ್ಲ. ಅವರ ಹಳೆಯ ಗೆಳೆಯ ಲೆನ್ನಿ ಇದನ್ನು ಕೇಳಿ, "ಸಾಲ್ದು ಅಂದ್ರೆ ಹೇಳು ಹೆಸ್ಟರ್, ಡ್ರಿಲ್ ತಗೊಂಡ್ಬಂದು ಇನ್ನೆರಡು ತೂತು ಹಾಕ್ಕೊಡ್ತೀನಿ" ಎಂದಿದ್ದಾರೆ.

ಆ) ಗುಡ್ಡದ ದಾರಿ ಕಿರಿದು. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಸರಿಯಬೇಕು, ಬಟಾಣಿ ಹಿಂದಕ್ಕೆ ಸರಿಯದು. ಇದು ನಿಜ. ಮದುವೆಗೆ ಮುಂಚೆ, 1962ರಲ್ಲಿ, ಸಿರಿಲ್ ನನ್ನನ್ನು ಮೆಚ್ಚಿಸಲು ಬಟಾಣಿಯನ್ನು ನೇರ ನಮ್ಮ ತಾಯಿಯ ಶೆಡ್ಡಿನೊಳಗೆ ನುಗ್ಗಿಸಿ, ಮೂತಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿದರು. ಬಾಗಿಲು ಮೂತಿಯಲ್ಲಿತ್ತು. ರಿವರ್ಸ್ ಇರಲಿಲ್ಲ. ಚಾವಣಿಯ ಕೊಂಡಿ ಆಗ ತುಕ್ಕು ಹಿಡಿದಿತ್ತು, ಒಂದು ಗೇಣಿಗಿಂತ ಹೆಚ್ಚು ಸರಿಯುತ್ತಿರಲಿಲ್ಲ. ಅಮ್ಮ ಬಂದು ನಮ್ಮಿಬ್ಬರನ್ನು ನೋಡಿ, "ಬೇರೆ ಯಾರ್ನಾದ್ರೂ ನೋಡ್ಕೊಳ್ಳೆ ಅಂದಿದ್ದೆ, ಕೇಳಿದ್ಯಾ?" ಎಂದು ಮನೆಯೊಳಗೆ ಹೋದಳು. ಮರಳಿ ಬಂದು ಆ ಗೇಣಗಲದ ಸಂದಿಯಿಂದ ಎರಡು ಕಪ್ ಚಹಾ ಇಳಿಸಿದಳು. ಸಿರಿಲ್ ಕಪ್ಪಿನಲ್ಲಿ ಎರಡು ಚಮಚ ಸಕ್ಕರೆ ಇತ್ತು. ಅವರಿಗೆ ಎರಡು ಬೇಕೆಂದು ನಾನು ಅವಳಿಗೆ ಹೇಳಿರಲೇ ಇಲ್ಲ. ಅವಳು ಆ ಹುಡುಗನನ್ನು ಗಮನಿಸಿದ್ದಾಳೆ ಎಂದು ನನಗೆ ಗೊತ್ತಾದದ್ದು ಆಗ. ಆಮೇಲೆ ಅಕ್ಕಪಕ್ಕದವರು ಬಂದು ಹಿಂದಿನಿಂದ ಎಳೆದು ಹೊರತೆಗೆದರು.

ಈಗಲೂ ಹಾಗೆಯೇ ಮಾಡಬಹುದು. ಲೆನ್ನಿ ಮತ್ತು ಇನ್ನು ಮೂವರು ಸದಸ್ಯರು ಟ್ರ್ಯಾಕ್ಟರ್ ಬಂದ ಪಕ್ಷದಲ್ಲಿ ಇಳಿದು ಬಟಾಣಿಯನ್ನು ಹಿಂದಕ್ಕೆ ಎಳೆಯುವುದಾಗಿ ಸಹಿ ಹಾಕಿ ಕೊಟ್ಟಿದ್ದಾರೆ. ನಾಲ್ವರ ಒಟ್ಟು ವಯಸ್ಸು ಇನ್ನೂರ ತೊಂಬತ್ತಾರು ಎಂಬುದನ್ನು ಮರೆಮಾಚುವ ಉದ್ದೇಶ ನನಗಿಲ್ಲ.

ಇ) ವೇಗ. ಏರಿನಲ್ಲಿ ಬಟಾಣಿ ಕುರಿಗಿಂತ ವೇಗವಾಗಿಯೂ ನಾಯಿಗಿಂತ ನಿಧಾನವಾಗಿಯೂ ಹೋಗುತ್ತದೆ. ಆದಕಾರಣ ನಮ್ಮನ್ನು ಕೊನೆಯಲ್ಲಿ ಬಿಡಬೇಕು. ನಮಗೆ ಬೇಕಾಗಿರುವುದೂ ಅದೇ. ಕರ್ಸ್ಟಿಯ ಹಿಂದೆ.

ಈ) ತಿರುವಿನಲ್ಲಿ ವಾಲುವುದು. ಮೋಟಾರ್‌ಸೈಕಲ್ಲಿನವರು ವಾಲುತ್ತಾರೆ, ಕಾರಿನವರು ವಾಲುವುದಿಲ್ಲ. ನಾವಿಬ್ಬರೂ ಬಟಾಣಿಯೊಳಗೆ ಪ್ರತಿ ತಿರುವಿಗೂ ವಾಲುತ್ತೇವೆ. ಇದರಿಂದ ಗಾಡಿಗೆ ಪ್ರಯೋಜನವಿಲ್ಲ ಎಂದು ಕರ್ಸ್ಟಿ ಹೇಳುತ್ತಾಳೆ. ಎಡ ತಿರುವಿನಲ್ಲಿ ನನ್ನ ತಲೆ ಸಿರಿಲ್ ಅವರ ಭುಜಕ್ಕೆ ತಾಗುತ್ತದೆ, ಬಲ ತಿರುವಿನಲ್ಲಿ ಅವರದು ನನ್ನದಕ್ಕೆ. ಪ್ರಯೋಜನದ ವಿಚಾರದಲ್ಲಿ ನನಗೆ ಬೇರೆ ಅಭಿಪ್ರಾಯವಿದೆ.

ಆದ್ದರಿಂದ, ಮೇಲಿನ ಕಾರಣಗಳನ್ನು ಪರಿಶೀಲಿಸಿ, ಜೂನ್ 23ರಂದು ಬೆಳಿಗ್ಗೆ ಒಂಬತ್ತಕ್ಕೆ ಬಟಾಣಿಯು ಮೋಟಾರ್‌ಸೈಕಲ್ಲುಗಳ ಹಿಂದೆ ಗುಡ್ಡದ ದಾರಿಯಲ್ಲಿ ಹೊರಡಲು ಅಪ್ಪಣೆ ಕೊಡಬೇಕೆಂದು ಕೋರುತ್ತೇನೆ.

ಇದು ಸಾಧ್ಯವಾಗದ ಪಕ್ಷದಲ್ಲಿ, ಮೋಟಾರ್‌ಸೈಕಲ್ಲಿನವರು ಚಹಾವನ್ನು ಸ್ವಲ್ಪ ಬೇಗ ಮುಗಿಸಿ ಗುಡ್ಡದ ದಾರಿಯ ಬದಲು ಹೊಳೆ ದಾರಿಯಲ್ಲಿ ಹಿಂತಿರುಗುವಂತೆ ಆದೇಶಿಸಬೇಕು. ಆಗ ನಾವು ಎದುರಿನಿಂದ ಬರುತ್ತಿರುತ್ತೇವೆ. ನಿಲ್ಲಿಸುವುದು ಬೇಡ, ಮಾತಾಡಿಸುವುದು ಬೇಡ, ಕೈ ಬೀಸುವುದಂತೂ ಬೇಡವೇ ಬೇಡ. ಒಬ್ಬೊಬ್ಬರು ಒಂದೊಂದು ಸಲ ತಲೆಯನ್ನು ಬಲಕ್ಕೆ ವಾಲಿಸಿದರೆ ಸಾಕು. ಸಿರಿಲ್ ಅವರನ್ನು ಬಟಾಣಿಯಲ್ಲಿ ಹೇಗೆ ಕೂರಿಸುವುದು ಎಂಬುದನ್ನು ನಾನು ನೋಡಿಕೊಳ್ಳುತ್ತೇನೆ.

ಈ ಅರ್ಜಿಯ ವಿಷಯ ಸಿರಿಲ್ ಅವರಿಗೆ ತಿಳಿಯದು. ಉತ್ತರವನ್ನು ಮನೆಗೆ ಕಳಿಸದೆ, ಮೂಲೆಯ ಉಣ್ಣೆ ಅಂಗಡಿಯಲ್ಲಿ ಕೊಡಬೇಕು.

ತಮ್ಮ ವಿಶ್ವಾಸಿ, ಹಾಗೂ ಇದುವರೆಗೆ ತಪ್ಪಾದ ಸಾಲಿನಲ್ಲಿ ನಿಂತಿದ್ದ,
ಹೆಸ್ಟರ್ ಬೂತ್‌ರಾಯ್ಡ್

ಲಗತ್ತುಗಳು:
1. ನನ್ನ 1959ರ ಪರವಾನಗಿಯ ನಕಲು. ಭಾವಚಿತ್ರವಿಲ್ಲ; ಆಗ ಕೇಳುತ್ತಿರಲಿಲ್ಲ.
2. ಮೇ 12ರಂದು ಬಟಾಣಿಯೊಳಗೆ ಒದ್ದೆಯಾದ ಭೂಪಟ. ಹಾರ್‌ಗಿಲ್ ಇದ್ದ ಜಾಗ ಅಳಿಸಿಹೋಗಿದೆ.
3. ಬಟಾಣಿ ಎಳೆಯುವ ನಾಲ್ವರ ಸಹಿ.
4. ಒಂದು ಡಬ್ಬಿ ಶುಂಠಿ ಕೇಕು. ಇದು ಅರ್ಜಿಗೆ ಸಂಬಂಧಿಸಿದ್ದಲ್ಲ, ಪ್ರತಿವರ್ಷ ಕೊಡುವಂಥದ್ದೇ. ಡಬ್ಬಿ ಹಿಂದಿರುಗಿಸಬೇಕು.

ಮರೆತ ಮಾತು: ಮೂರನೆಯ ಪ್ರತಿ ಬರೆಯುತ್ತಿದ್ದಾಗ ಸಿರಿಲ್ ಅಡುಗೆಮನೆಗೆ ಬಂದು, "ಏನೇ ಅದು?" ಎಂದರು. ಸಾಮಾನಿನ ಚೀಟಿ ಎಂದೆ. "ಮೂರು ಪ್ರತೀಲಾ?" ಎಂದು ಹೊರಟುಹೋದರು. ಈಗ ಇಸ್ತ್ರಿ ಹಲಗೆಯ ಹಿಂದೆ ಹೆಲ್ಮೆಟ್ ಇಲ್ಲ. ಅದು ನಮ್ಮ ಊಟದ ಮೇಜಿನ ಮೇಲಿದೆ. ಒರೆಸುವ ಬಟ್ಟೆ, ಮೇಣದ ಡಬ್ಬಿ, ಕನ್ನಡಕ, ಕೈಗವಸು, ಬೂಟಿನ ಪಾಲಿಶ್ ಎಲ್ಲವೂ ಅದರ ಸುತ್ತ ಹರಡಿವೆ. ಯಾವುದನ್ನೂ ಮುಟ್ಟಕೂಡದು ಎಂದು ನನಗೆ ತಾಕೀತಾಗಿದೆ. ಆದಕಾರಣ ಉಣ್ಣೆ ಅಂಗಡಿಯ ವ್ಯವಸ್ಥೆ ಇನ್ನು ಅಗತ್ಯವಿಲ್ಲ. ಸಮಿತಿಯು ಆದಷ್ಟು ಬೇಗ ತೀರ್ಮಾನ ತಿಳಿಸಬೇಕು. ಅಲ್ಲಿಯವರೆಗೆ ನಾವು ಊಟದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಳ್ಳಬೇಕಾಗಿದೆ.