ನಡುವೆ ಒಂದು ಗಾಜು

ರಾಜಿ ಮಾಡಿಸುವ ಚಟ ಇಸ್ಪೀಟಿನ ಚಟಕ್ಕಿಂತ ಕೆಟ್ಟದ್ದು. ಇಸ್ಪೀಟಿನವನಿಗೆ ತಾನು ಹಾಳಾಗುತ್ತಿರುವುದಾದರೂ ಗೊತ್ತಿರುತ್ತದೆ; ರಾಜಿ ಮಾಡಿಸುವವನಿಗೆ ಊರವರು ಕೈಮುಗಿಯುವುದರಿಂದ ಅದೂ ತಿಳಿಯುವುದಿಲ್ಲ. ನನಗೆ ಈ ಚಟ ಬಹಳ ವರ್ಷಗಳಿಂದ ಇದೆ. ಹರವೆಯಲ್ಲಿ ಬದುವಿನ ಜಗಳವಾಗಲಿ, ಭೀಮನಬೀಡಿನಲ್ಲಿ ಅಣ್ಣತಮ್ಮಂದಿರು ಮುನಿಸಿಕೊಳ್ಳಲಿ, ಚಾಮರಾಜನಗರದ ನನ್ನ ಕಚೇರಿಗೆ ರಜೆ ಹಾಕಿ ಹೋಗಿ ಕೂರುತ್ತೇನೆ. ಮಂತ್ರ ಒಂದೇ: ‘ಹೊಂದ್ಕೊಂಡು ಹೋಗಿ.’ ಆಮೇಲೆ ಜಗಳವಾಡಿದ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಅಕ್ಕಪಕ್ಕ ಕೂರಿಸಿ ಊಟ ಹಾಕಿಸುತ್ತೇನೆ. ಎಲೆ ಎತ್ತುವ ಹೊತ್ತಿಗೆ ಅರ್ಧ ಸಿಟ್ಟು ಇಳಿದಿರುತ್ತದೆ ಎಂದು ನನ್ನ ನಂಬಿಕೆ.

ಹಾಗೆ ಭೀಮನಬೀಡಿನ ಒಂದು ರಾಜಿ ಮುಗಿಸಿ ಬರುತ್ತ, ಗೆದ್ದ ಹುಮ್ಮಸ್ಸಿನಲ್ಲಿ ಗುಂಡ್ಲುಪೇಟೆಯ ಸಾಕುಮೀನಿನ ಅಂಗಡಿಗೆ ನುಗ್ಗಿದೆ. ನಾಲ್ಕಡಿಯ ಗಾಜಿನ ತೊಟ್ಟಿ, ಗೇಣುದ್ದದ ಎರಡು ಮೀನು ಕೊಂಡೆ. ಒಂದು ಫ್ಲವರ್‌ಹಾರ್ನ್; ಹಣೆಯ ಮೇಲೆ ನಿಂಬೆಹಣ್ಣು ಕೂರಿಸಿದಂಥ ಉಬ್ಬು. ಇನ್ನೊಂದು ಆಸ್ಕರ್, ಕಪ್ಪು ಮೈಯಲ್ಲಿ ಕೆಂಡದ ಬಣ್ಣ.

“ಎರಡೂ ಒಡೆದಾಡೋ ಜಾತಿ ಸಾ,” ಎಂದ ಅಂಗಡಿಯವನು. “ನಡೂಕೆ ಗಾಜು ಹಾಕ್ಸಿ. ಇಲ್ದೋದ್ರೆ ಒಂದು ಉಳಿಯಲ್ಲ.”

“ಮನುಷ್ಯರನ್ನೇ ಹೊಂದಿಸಿವ್ನಿ, ಬುಡಪ್ಪ,” ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ಕೈಗೆತ್ತಿಕೊಂಡಿದ್ದ ಗಾಜನ್ನು ಒಳಗಿಟ್ಟ.

ಉಡಿಗಾಲದ ನಮ್ಮ ಮನೆ, ಅಣ್ಣನ ಸಂಸಾರವೂ ನನ್ನ ಸಂಸಾರವೂ ಒಂದೇ ಒಲೆಯಲ್ಲಿ ಉಣ್ಣುವ ಮನೆ. ಹೋದಲ್ಲೆಲ್ಲ ನಾನು ಎತ್ತಿ ಹೇಳುವ ಉದಾಹರಣೆ ಅದೇ. ಅತ್ತಿಗೆಯ ಬಾಯಿ ಸ್ವಲ್ಪ ಜೋರು, ಅಷ್ಟೆ. ನನ್ನ ಹೆಂಡತಿ ಮಂಗಳ ಒಮ್ಮೆ, ತನಗೊಂದು ಬೇರೆ ಒಲೆ ಮಾಡಿಕೊಡಿ ಎಂದು ಕೇಳಿದ್ದಳು. ‘ಊರಿಗೆ ಯಾವ ಮುಖ ತೋರಿಸಲಿ?’ ಎಂದಿದ್ದೆ. ಮತ್ತೆ ಕೇಳಲಿಲ್ಲ, ಹೊಂದಿಕೊಂಡಳು ಎಂದುಕೊಂಡೆ. ಇನ್ನು, ಲಿಂಗ ಕಟ್ಟಿದ ಮನೆಯೊಳಗೆ ಮೀನಿಗೆಂದು ಹುಳು, ಸೀಗಡಿ ತರುವಂತಿಲ್ಲ. ಡಬ್ಬಿಯಲ್ಲಿ ಬರುವ ಕಾಳಿನಂಥ ಮೇವು ತಂದೆ. ಅದನ್ನು ಯಾವುದರಿಂದ ಮಾಡಿದ್ದೆಂದು ಅತ್ತಿಗೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲ ದಿನವೇ ಫ್ಲವರ್‌ಹಾರ್ನ್ ತೊಟ್ಟಿಯ ಕಲ್ಲುಗಳನ್ನೆಲ್ಲ ಬಾಯಿಂದ ಸರಿಸಿ ಇಡೀ ಜಾಗ ತನ್ನದೆಂದು ಸಾರಿತು. ಆಸ್ಕರ್ ನೀರಿನ ಪಂಪಿನ ಹಿಂದೆ ಸೇರಿತು. ನನಗೆ ಗೊತ್ತಿದ್ದ ವಿದ್ಯೆ ಒಂದೇ, ಸಹಪಂಕ್ತಿ. ಇಬ್ಬರ ಮೇವನ್ನೂ ಒಂದೇ ಮೂಲೆಗೆ ಹಾಕಿದೆ. ದೊಡ್ಡ ಹಣೆಯದು ಎರಡು ಪಾಲನ್ನೂ ನುಂಗಿ, ಹತ್ತಿರ ಬಂದ ಆಸ್ಕರಿನ ಬಾಲ ಹರಿಯಿತು. ನಾನು ಬಿಡಲಿಲ್ಲ. ರಾಜಿ ಅಂದರೆ ತಾಳ್ಮೆ ಬೇಕು. ವಾರವಿಡೀ ಅದೇ ಮೂಲೆಗೆ ಮೇವು ಹಾಕಿದೆ. ಆಸ್ಕರಿನ ತುಟಿ ಕಿತ್ತುಬಂತು, ಒಂದು ಕಣ್ಣು ಬೆಳ್ಳಗಾಯಿತು. ಕೊನೆಗೆ ಅದು ಪಂಪಿನ ಹಿಂದಿನಿಂದ ಬರುವುದನ್ನೇ ನಿಲ್ಲಿಸಿತು. ತೊಟ್ಟಿಯಲ್ಲಿ ಸದ್ದಿಲ್ಲ. ನಾನು ಅಣ್ಣನನ್ನು ಕರೆದು, “ನೋಡಣ್ಣ, ಹೊಂದ್ಕಂಡ್ವು,” ಎಂದು ತೋರಿಸಿದೆ.

ಹಿಂದೆ ನಿಂತಿದ್ದ ಮಂಗಳ ಮೆಲ್ಲಗೆ ಹೇಳಿದಳು: “ಹೊಂದ್ಕಂಡಿಲ್ಲ ಕಣ್ರೀ. ಅದು ಉಣ್ಣೋದ್ನೇ ಬುಟ್ಬುಟ್ಟದೆ.”

ಬಗ್ಗಿ ನೋಡಿದೆ. ನಿಜ. ಬೆನ್ನು ಕತ್ತಿಯ ಅಲಗಿನಂತೆ ತೆಳ್ಳಗಾಗಿತ್ತು. ನನಗೆ ನಾಚಿಕೆಯಾಯಿತು. ಒಂದು ಜೀವ ಸಾಯುವುದನ್ನು ನಾನು ಶಾಂತಿ ಎಂದು ಅಣ್ಣನಿಗೆ ತೋರಿಸುತ್ತಿದ್ದೆ.

ಮಾರನೆಯ ದಿನವೇ ಗುಂಡ್ಲುಪೇಟೆಗೆ ಹೋಗಿ ಗಾಜು ಕತ್ತರಿಸಿಕೊಂಡು ಬಂದು ನಡುವೆ ನಿಲ್ಲಿಸಿದೆ. ಮೂರು ದಿನ ಆಸ್ಕರ್ ಅಲುಗಲಿಲ್ಲ. ನಾಲ್ಕನೆಯ ದಿನ ಹೊರಗೆ ಬಂದು, ಮಂಗಳ ಹಾಕಿದ ಒಂದು ಕಾಳು ತಿಂದಿತು. ನಾನು ಮಕ್ಕಳಂತೆ ಹಿಗ್ಗಿದೆ. ಅವಳು ಹಿಗ್ಗಲಿಲ್ಲ.

“ಈ ಮೀನು ಗಾಜು ಹಾಕ್ಸಿ ಅಂತ ನಿಮ್ಮನ್ನ ಕೇಳ್ತಾ?”

“ಇಲ್ಲ.”

“ನಾ ಬಾಯ್ಬುಟ್ಟು ಕೇಳಿ ಒಂಬತ್ತು ವರ್ಸ ಆಯ್ತು,” ಎಂದು ಕೈ ಒರೆಸಿಕೊಂಡು ಒಳಗೆ ಹೋದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆದರಿಸಿತು.

ಅಂದು ಸಂಜೆ ಹರವೆಯಿಂದ ಫೋನು ಬಂತು. ಅತ್ತೆ ಸೊಸೆ ಜಗಳ, ಬಂದು ನಾಲ್ಕು ಮಾತು ಹೇಳಬೇಕಂತೆ. ಮೈ ಸರಿಯಿಲ್ಲ ಎಂದೆ. ಒಲೆಗೆ ಜಾಗ ಅಳೆಯೋಣವೆಂದು ನಮ್ಮ ಕೋಣೆಗೆ ಹೋದೆ. ಟೇಪು ಕೈಜಾರಿ ಉರುಳಿತು. ತೆಗೆಯಲು ಬಗ್ಗಿದರೆ ಮಂಚದ ಕೆಳಗೆ ಗೋಣಿಚೀಲ ಸುತ್ತಿಟ್ಟ ಹೊಸ ಗ್ಯಾಸ್ ಒಲೆ. ಅವಳು ಬೇರೆ ಒಲೆ ಕೇಳಿದ ವರ್ಷವೇ ತವರಿನವರು ಕೊಟ್ಟದ್ದಂತೆ, ಆಮೇಲೆ ಮಂಗಳ ಹೇಳಿದಳು. ಒಂಬತ್ತು ವರ್ಷದಿಂದ ನಾನು ನಿಶ್ಚಿಂತೆಯಾಗಿ ಗೊರಕೆ ಹೊಡೆಯುತ್ತಿದ್ದದ್ದು ಅದೇ ಮಂಚದ ಮೇಲೆ.